ಬುಶ್ ಸುಳ್ಳು ಹೇಳಿದರಾ, ಇಲ್ಲಾ ತಾವೇ ನಂಬಿ ಕೆಟ್ಟರಾ? ಇರಾಕ್ ಯುದ್ಧದ ಬಗ್ಗೆ ಮಾತಾಡೋಣ

ಹೊಳೆದಂಡೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಜೋರು ಜಗಳ ಆಯಿತು. ಟೆಕ್ಸಸ್‌ನಿಂದ ರಜೆಗೆ ಬಂದಿರುವ ನಮ್ಮ ಭಾವ ಜಾರ್ಜ್ ಡಬ್ಲ್ಯೂ. ಬುಶ್ ಪರ. ಕಾಲೇಜಿಗೆ ಹೋಗುವ ನನ್ನ ಮಗಳು ವಿರುದ್ಧ. "2001ರ ದಾಳಿ ಆದಮೇಲೆ ಅವರ ಕಾಲದಲ್ಲಿ ಅಮೆರಿಕದೊಳಗೆ ಅಂಥದ್ದು ಇನ್ನೊಂದು ಆಗಲಿಲ್ಲ" ಅಂದರು ಭಾವ. "ಸುಳ್ಳು ಹೇಳಿ ಒಂದು ದೇಶವನ್ನೇ ಹಾಳು ಮಾಡಿದರಲ್ಲ ಮಾವ" ಅಂದಳು ಮಗಳು. ಸಾರು ಆರಿತು, ಮಾತು ಆರಲಿಲ್ಲ.

ಆ ರಾತ್ರಿ ಕೂತು, 2003ರ ಜನವರಿ 28ರಂದು ಬುಶ್ ತಮ್ಮ ಸಂಸತ್ತಿನ ಮುಂದೆ ಮಾಡಿದ ಭಾಷಣವನ್ನು ಮೊದಲಿಂದ ಕೊನೆವರೆಗೆ ಓದಿದೆ. ಅದರಲ್ಲಿ ಎರಡು ಮಾತು ಇವೆ. ಒಂದು, ಆಫ್ರಿಕಾ ಮತ್ತು ಕೆರಿಬಿಯನ್ ದೇಶಗಳ ಏಡ್ಸ್ ರೋಗಿಗಳಿಗೆ 5 ವರ್ಷದಲ್ಲಿ 1500 ಕೋಟಿ ಡಾಲರ್ ಕೊಡೋಣ ಅನ್ನುವುದು. ಇನ್ನೊಂದು, ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಅಣುಬಾಂಬಿಗೆ ಬೇಕಾಗುವ ಯುರೇನಿಯಂ ಅನ್ನು ಆಫ್ರಿಕಾದಿಂದ ತರಿಸಲು ನೋಡಿದ್ದಾನೆ ಎಂದು ಬ್ರಿಟನ್ ಸರ್ಕಾರಕ್ಕೆ ಗೊತ್ತಾಗಿದೆ ಅನ್ನುವುದು. ಒಂದೇ ರಾತ್ರಿ, ಒಂದೇ ಬಾಯಿ.

ಯುರೇನಿಯಂ ಮಾತು ಅಲ್ಲಿಗೆ ಬಂದ ದಾರಿ ನೋಡಿ. ಮೂರು ತಿಂಗಳು ಹಿಂದೆ, ಅಕ್ಟೋಬರ್‌ನಲ್ಲಿ ಸಿನ್ಸಿನಾಟಿಯಲ್ಲಿ ಬುಶ್ ಮಾಡಬೇಕಿದ್ದ ಭಾಷಣದಿಂದ ಅಂಥದ್ದೇ ಸಾಲನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹೇಳಿ ತೆಗೆಸಿತ್ತು. ಜನವರಿಯಲ್ಲಿ ಅದು ಬ್ರಿಟನ್ ಹೆಸರು ಹೊತ್ತು ವಾಪಸ್ ಬಂತು. ಜುಲೈನಲ್ಲಿ ಶ್ವೇತಭವನವೇ "ಆ ಮಾತು ಅಲ್ಲಿ ಇರಬಾರದಿತ್ತು" ಎಂದು ಒಪ್ಪಿಕೊಂಡಿತು. ಅಷ್ಟರಲ್ಲಿ ಬಾಗ್ದಾದ್ ಬಿದ್ದು ಮೂರು ತಿಂಗಳಾಗಿತ್ತು.

ನನಗೆ ಅನಿಸೋದು ಇಷ್ಟು. ಸದ್ದಾಂ ಹತ್ತಿರ ಸಾಮೂಹಿಕ ನಾಶದ ಅಸ್ತ್ರ ಏನೋ ಇದೆ ಎಂದು ಬುಶ್ ಮನಸಾರೆ ನಂಬಿದ್ದಿರಬಹುದು. ಆದರೆ ಕೆಳಗಿನವರು "ಇರಬಹುದು" ಅಂದದ್ದನ್ನು ಜನರಿಗೆ "ಇದೆ" ಎಂದು ಹೇಳಿದರು. ನಡುವೆ ಇದ್ದ ಅನುಮಾನವನ್ನು ಬೇಕಂತಲೇ ತೆಗೆದುಹಾಕಿದರು. ನನ್ನ ಮಟ್ಟಿಗೆ ತಪ್ಪು ಇರುವುದು ಅಲ್ಲಿ. ಅದು ಸುಳ್ಳಿಗಿಂತ ಸಣ್ಣದು ಎಂದು ನನಗೆ ಅನಿಸುವುದಿಲ್ಲ. ನೀವು ಏನಂತೀರಿ?

ಹುಬ್ಬಳ್ಳಿಮಂದಿ

ನೀವು ಹೇಳಿದ್ದು ಅರ್ಧ ಖರೆ ಸರ್. ಇನ್ನರ್ಧ ನಾನು ಹೇಳ್ತೀನಿ. 2002ರ ಅಕ್ಟೋಬರ್‌ನಲ್ಲಿ ಯುದ್ಧಕ್ಕೆ ಅನುಮತಿ ಕೊಟ್ಟವರು ಯಾರು? ಕೆಳಮನೆಯಲ್ಲಿ 296 ಜನ, ಸೆನೆಟ್‌ನಲ್ಲಿ 77 ಜನ. ಆ 77ರಲ್ಲಿ ಜಾನ್ ಕೆರಿ, ಹಿಲರಿ ಕ್ಲಿಂಟನ್, ಜೋ ಬೈಡನ್ ಎಲ್ಲರೂ ಇದ್ದರು. ಸದ್ದಾಂ ಆಡಳಿತ ಹೋಗಬೇಕು ಅನ್ನುವ ಕಾನೂನಿಗೆ 1998ರಲ್ಲಿ ಸಹಿ ಹಾಕಿದವರು ಬಿಲ್ ಕ್ಲಿಂಟನ್. ಎಲ್ಲಾ ಬುಶ್ ತಲೆಗೇ ಕಟ್ಟಿದರೆ ಹೆಂಗೆ?

ಸದ್ದಾಂ ಏನು ಸಾಮಾನ್ಯ ಮನುಷ್ಯನಾ? 1988ರ ಮಾರ್ಚ್‌ನಲ್ಲಿ ಹಲಬ್ಜಾದಲ್ಲಿ ತನ್ನ ದೇಶದ ಕುರ್ದಿಗಳ ಮೇಲೇ ವಿಷಾನಿಲ ಬಿಟ್ಟು ಸುಮಾರು 5,000 ಜನರನ್ನು ಕೊಂದವನು. ಮೂರು ಸಾವಿರ ಹೆಣ ನೋಡಿದ ದೇಶದ ಅಧ್ಯಕ್ಷ ಅಂಥವನನ್ನು ನಂಬಿ ಕೂರಬೇಕಿತ್ತಾ?

ಒಬ್ಬ ಅಧ್ಯಕ್ಷನ ಎಂಟು ವರ್ಷವನ್ನು ಒಂದೇ ಯುದ್ಧದಿಂದ ಅಳೆಯಬಾರದು ಅನ್ನೋದು ನನ್ನ ಮಾತು. ಅಲ್ಲಿನ ಮುದುಕರಿಗೆ ಔಷಧದ ಖರ್ಚಿಗೆ ನೆರವಾಗುವ ಕಾನೂನು 2003ರಲ್ಲಿ ತಂದವರು ಇವರೇ. 2005ರ ಜುಲೈನಲ್ಲಿ ಮನಮೋಹನ್ ಸಿಂಗ್ ಜೊತೆ ಅಣು ಒಪ್ಪಂದದ ಮಾತು ಶುರು ಮಾಡಿ, 2008ರಲ್ಲಿ ಮುಗಿಸಿಕೊಟ್ಟವರೂ ಇವರೇ.

ಹೊಳೆದಂಡೆ, ಶಿವಮೊಗ್ಗ

ಒಪ್ಪುತ್ತೇನೆ, ಮತ ಹಾಕಿದ ಪ್ರತಿಯೊಬ್ಬರಿಗೂ ಪಾಲು ಇದೆ. ಆದರೆ "ಎಲ್ಲರೂ ನಂಬಿದ್ದರು" ಅನ್ನೋದು ಸರಿಯಲ್ಲ. ಕೆಳಮನೆಯಲ್ಲಿ 133 ಜನ, ಸೆನೆಟ್‌ನಲ್ಲಿ 23 ಜನ ಬೇಡ ಎಂದರು. ಆಗ ಸೆನೆಟ್‌ನ ಗುಪ್ತಚರ ಸಮಿತಿಗೆ ಅಧ್ಯಕ್ಷರಾಗಿದ್ದವರು ಬಾಬ್ ಗ್ರಹಾಂ. ಇರಾಕಿನ ಅಸ್ತ್ರಗಳ ಬಗೆಗಿನ ರಹಸ್ಯ ವರದಿಯನ್ನು ಪೂರ್ತಿ ಓದಿದ್ದರು. ಅವರು ಬೇಡ ಎಂದು ಮತ ಹಾಕಿದರು. ಆ ವರದಿಯಲ್ಲಿ ಇದ್ದ ಭಿನ್ನಾಭಿಪ್ರಾಯಗಳು ಜನರಿಗೆ ಕೊಟ್ಟ ಪ್ರತಿಯಲ್ಲಿ ಇರಲಿಲ್ಲ.

ಪೀಣ್ಯದವನು

ನಾನು ರಾಜಕೀಯ ಜಾಸ್ತಿ ಮಾತಾಡುವವನಲ್ಲ. ಆದರೆ ಈ ಯುದ್ಧದಲ್ಲಿ ಒಂದು ಟ್ಯೂಬಿನ ಕಥೆ ಇದೆ. ಪೀಣ್ಯದಲ್ಲಿ 22 ವರ್ಷ ಅಲ್ಯೂಮಿನಿಯಂ ಕೆಲಸ ಮಾಡಿದವನು ನಾನು, ಅದನ್ನು ಕೇಳಿ ಸುಮ್ನೆ ಇರೋಕೆ ಆಗಲ್ಲ.

ಇರಾಕ್ 60,000 ಅಲ್ಯೂಮಿನಿಯಂ ಟ್ಯೂಬ್ ತರಿಸಲು ಹೊರಟಿತ್ತು. ಯುರೇನಿಯಂ ಶುದ್ಧ ಮಾಡುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಇವು ಅಂತ ಸಿಐಎ ಹೇಳಿತು. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಇದನ್ನೇ ಹೇಳಿದರು. ಬಿಳಿ ಪುಡಿಯ ಸಣ್ಣ ಶೀಶೆ ಎತ್ತಿ ತೋರಿಸಿದ ಫೋಟೋ ಎಲ್ಲರೂ ನೋಡಿರ್ತೀರಿ, ಅದೇ ದಿನ. ಟ್ಯೂಬು ರಾಕೆಟ್‌ಗೆ ಅಂತ ಇರಾಕ್ ಹೇಳ್ತಿತ್ತು. ರಾಕೆಟ್‌ಗೆ ಇಷ್ಟು ಬಿಗಿ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಇಷ್ಟು ಕಮ್ಮಿ ಹೆಚ್ಚುಕಡಿಮೆ, ಯಾಕೆ ಬೇಕು ಅನ್ನೋದು ಪೊವೆಲ್ ಅವರ ಪ್ರಶ್ನೆ.

ಈಗ ಅಳತೆ ನೋಡಿ. ಮೆಟೀರಿಯಲ್ 7075, ಟಿ6 ಅನ್ನೋ ಗಟ್ಟಿ ಅಲ್ಯೂಮಿನಿಯಂ. ಹೊರಗಿನ ವ್ಯಾಸ 81 ಎಂ.ಎಂ. ಗೋಡೆ ದಪ್ಪ 3.3 ಎಂ.ಎಂ. ಉದ್ದ 900 ಎಂ.ಎಂ. ಮೇಲೆ ಅನೊಡೈಸಿಂಗ್, ಅಂದರೆ ಲೋಹ ತಿಂದುಹೋಗದ ಹಾಗೆ ಕಾಯುವ ಪದರ. ಸೆಂಟ್ರಿಫ್ಯೂಜ್ ಅಂದರೆ ವಿಪರೀತ ವೇಗದಲ್ಲಿ ತಿರುಗೋದು, ಅದಕ್ಕೆ ಗೋಡೆ ತೆಳ್ಳಗೆ ಇರಬೇಕು, ಒಂದು ಎಂ.ಎಂ. ಆಸುಪಾಸು. ಇದು ಅದರ ಮೂರು ಪಟ್ಟು. ಅನೊಡೈಸಿಂಗ್ ಪದರ ಆ ಕೆಲಸಕ್ಕೆ ತೊಂದರೆ, ಕೆರೆದು ತೆಗೀಬೇಕು. ಮಳೆಗಾಳಿಗೆ ಬಯಲಲ್ಲಿ ಬಿದ್ದಿರುವ ರಾಕೆಟ್‌ಗೆ ಮಾತ್ರ ಅದು ಬೇಕೇ ಬೇಕು, ಇಲ್ಲಾಂದರೆ ತಿಂದುಹೋಗುತ್ತೆ. ಇರಾಕ್ ಆಗಲೇ ಇಟಲಿಯ ಒಂದು ರಾಕೆಟ್ ನೋಡಿ ತನ್ನದೇ ರಾಕೆಟ್ ಮಾಡ್ತಿತ್ತು. ಅದರ ಅಳತೆ ಎಷ್ಟು ಗೊತ್ತಾ? 81 ಎಂ.ಎಂ.

ಟಾಲರೆನ್ಸ್ ಬಿಗಿ ಯಾಕೆ? ರಾಕೆಟ್ ಗುರಿ ತಪ್ಪುತ್ತಿತ್ತು. ಅಲ್ಲಿನ ಎಂಜಿನಿಯರ್‌ಗಳು ಅಳತೆ ಬಿಗಿ ಮಾಡಿ ನೋಡಿದರು. ನಮ್ಮಲ್ಲೂ ಹಾಗೇ. ಪೀಸ್ ಒಂದೆರಡು ಸಲ ಫೇಲ್ ಆದರೆ ಡ್ರಾಯಿಂಗ್ ಮಾಡುವವನು ಮೊದಲು ಟಾಲರೆನ್ಸ್ ಮೇಲೆ ಕೈ ಇಡ್ತಾನೆ.

ಇದನ್ನೆಲ್ಲಾ ಅಮೆರಿಕದ ಇಂಧನ ಇಲಾಖೆಯ ತಜ್ಞರು ಮೊದಲೇ ಹೇಳಿದ್ದರು. ಸೆಂಟ್ರಿಫ್ಯೂಜ್ ಬಗ್ಗೆ ಆ ದೇಶದಲ್ಲಿ ಅವರಿಗಿಂತ ಜಾಸ್ತಿ ಗೊತ್ತಿರುವವರು ಯಾರೂ ಇಲ್ಲ. ಇನ್‌ಸ್ಪೆಕ್ಷನ್‌ನವನು "ಸರಿ ಇಲ್ಲ" ಅಂತ ಚೀಟಿ ಅಂಟಿಸಿದ ಪೀಸನ್ನು ಮೇಲಿನವನು ಚೀಟಿ ಕಿತ್ತು ಗಿರಾಕಿಗೆ ಕಳಿಸ್ತಾನೆ ಅಂತ ಇಟ್ಕೊಳ್ಳಿ. ಅವನು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ, ನಿಜ. ಆದರೆ ಅವನನ್ನು ಏನಂತ ಕರೀತೀರಿ?

ಸಂಪಿಗೆ, ಮಿಶಿಗನ್

ಪೀಣ್ಯದ ಅಣ್ಣಾ, ಈ ಟ್ಯೂಬಿನ ಬಗ್ಗೆ ಇಲ್ಲಿನ ಪತ್ರಿಕೆಗಳಲ್ಲಿ ಎಷ್ಟೋ ಓದಿದ್ದೆ. ಇವತ್ತು ಅರ್ಥ ಆಯಿತು.

ಹುಬ್ಬಳ್ಳಿಮಂದಿ

ಚೀಟಿ ಮಾತು ತಾಗಿತು, ಸುಳ್ಳು ಹೇಳಲ್ಲ. ಆದರೂ ಒಂದು ಪ್ರಶ್ನೆ. ಸದ್ದಾಂ ಹತ್ತಿರ ಏನೂ ಇರಲಿಲ್ಲ ಅಂದರೆ, ಬಾಗಿಲು ತೆಗೆದು ತೋರಿಸಬಹುದಿತ್ತಲ್ಲ?

ಹೊಳೆದಂಡೆ, ಶಿವಮೊಗ್ಗ

ಗೊಣಗುತ್ತಲೇ ತೆಗೆದ. 2002ರ ನವೆಂಬರ್ 8ರಂದು ಅಸ್ತ್ರ ತನಿಖೆಗೆ ಇರಾಕ್ ಬಾಗಿಲು ತೆಗೆಯಬೇಕು ಎಂದು ಭದ್ರತಾ ಮಂಡಳಿ 15-0 ಮತದಿಂದ 1441ನೇ ಗೊತ್ತುವಳಿ ಮಾಡಿತು. ಆ ತಿಂಗಳ ಕೊನೆಗೆ ತನಿಖೆ ಮತ್ತೆ ಶುರುವಾಯಿತು. ಮಾರ್ಚ್‌ನಲ್ಲಿ ಇರಾಕ್ ತನ್ನ ಅಲ್ ಸಮೂದ್ ಕ್ಷಿಪಣಿಗಳನ್ನು ವಿಶ್ವಸಂಸ್ಥೆಯ ತನಿಖೆಯವರ ಕಣ್ಣೆದುರೇ ಪುಡಿ ಮಾಡುತ್ತಿತ್ತು. ಮಾರ್ಚ್ 7ರಂದು ತನಿಖೆಯ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ ಮಂಡಳಿಗೆ ಹೇಳಿದ್ದು: ಕೆಲಸ ಮುಗಿಸಲು ವರ್ಷಗಳು ಬೇಡ, ವಾರಗಳು ಸಾಲವು, ತಿಂಗಳುಗಳು ಬೇಕು. ಅವತ್ತೇ ಅಣುಶಕ್ತಿ ಸಂಸ್ಥೆಯ ಎಲ್‌ಬರಾದಿ, ಇರಾಕ್ ಆಫ್ರಿಕಾದ ನೈಜರ್ ದೇಶದಿಂದ ಯುರೇನಿಯಂ ತರಿಸಲು ನೋಡಿತು ಎಂದು ತೋರಿಸುವ ಕಾಗದಗಳು ನಕಲಿ ಎಂದರು. ಒಂದು ಕಾಗದದಲ್ಲಿ ವರ್ಷಗಳ ಹಿಂದೆಯೇ ಹುದ್ದೆ ಬಿಟ್ಟಿದ್ದ ಮಂತ್ರಿಯ ಸಹಿ ಇತ್ತು.

ಮಾರ್ಚ್ 18ಕ್ಕೆ ತನಿಖೆಯವರು ಗಂಟುಮೂಟೆ ಕಟ್ಟಿದರು. 20ರ ಬೆಳಗಿನ ಜಾವ ಬಾಗ್ದಾದ್ ಮೇಲೆ ಬಾಂಬ್ ಬಿತ್ತು. ಕೆಲವು ತಿಂಗಳು ಕಾಯಬಹುದಿತ್ತು. ಯಾರೂ ಅಮೆರಿಕದ ಬಾಗಿಲಿಗೆ ಬಂದು ನಿಂತಿರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದು.

ಕಡಲತಡಿ, ಉಡುಪಿ

ನಾನು ಬೇರೆ ಕಡೆಯಿಂದ ಮಾತಾಡ್ತೇನೆ. 1990ರ ಆಗಸ್ಟ್ 2ರಂದು ಸದ್ದಾಂ ಸೈನ್ಯ ಕುವೈತಿಗೆ ನುಗ್ಗಿದಾಗ ಅಪ್ಪ ಅಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. 9 ವರ್ಷ ಕೂಡಿಟ್ಟ ದುಡ್ಡು ಒಂದು ವಾರದಲ್ಲಿ ಕಾಗದ ಆಯಿತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಗೆ ಹೋದರು. ಅಲ್ಲಿ ಡೇರೆಯಲ್ಲಿ ದಿನ ಕಳೆದು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಹತ್ತಿ ಮುಂಬೈಗೆ ಬಂದರು. ಹೀಗೆ ಒಟ್ಟು 1,70,000ದಷ್ಟು ಭಾರತೀಯರು ಬಂದರು. ನಮ್ಮ ಕರಾವಳಿಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಅಪ್ಪ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಅದರಲ್ಲಿ ಎರಡು ಅಂಗಿ, ಪಾಸ್‌ಪೋರ್ಟ್, ನನಗೆ ತೆಗೆದಿಟ್ಟಿದ್ದ ಒಂದು ಪೆನ್ಸಿಲ್ ಬಾಕ್ಸ್.

2003ರ ಏಪ್ರಿಲ್ 9ರಂದು ಬಾಗ್ದಾದಿನ ಫಿರ್ದೋಸ್ ಚೌಕದಲ್ಲಿ ಸದ್ದಾಂ ಪ್ರತಿಮೆ ಬಿದ್ದದ್ದನ್ನು ಟಿವಿಯಲ್ಲಿ ನೋಡಿ ಅಪ್ಪ ಕುರ್ಚಿಯಿಂದ ಎದ್ದು ನಿಂತರು. ಆ ಮನುಷ್ಯ ಹೋದದ್ದು ತಪ್ಪು ಎಂದು ನನ್ನ ಬಾಯಲ್ಲಿ ಬರುವುದಿಲ್ಲ.

ಸಂಪಿಗೆ, ಮಿಶಿಗನ್

ನಿಮ್ಮ ಅಪ್ಪ ಎದ್ದು ನಿಂತ ದಿನ ನಾನು ಡಿಯರ್‌ಬಾರ್ನ್‌ನಲ್ಲಿ ಇದ್ದೆ. ಆಗ ಇಲ್ಲಿ ಓದುತ್ತಿದ್ದೆ. ಇಲ್ಲಿ ಇರಾಕಿನ ಶಿಯಾ ಮನೆತನಗಳು ತುಂಬಾ ಇವೆ. 1991ರಲ್ಲಿ ಆಗಿನ ಅಧ್ಯಕ್ಷ ದೊಡ್ಡ ಬುಶ್, ಈ ಬುಶ್ ಅವರ ಅಪ್ಪ, "ನೀವೇ ಎದ್ದು ಸದ್ದಾಂನನ್ನು ಇಳಿಸಿ" ಎಂದರು. ಜನ ಎದ್ದರು. ಅಮೆರಿಕ ಕೈಕಟ್ಟಿ ನಿಂತಿತು, ಸದ್ದಾಂ ಅವರನ್ನು ಹೊಸಕಿ ಹಾಕಿದ. ಆಗ ಓಡಿಬಂದವರು ಇವರು. ಏಪ್ರಿಲ್ 9ರಂದು ಬೀದಿಗೆ ಬಂದು ಕುಣಿದರು, ಕಾರಿನ ಹಾರ್ನ್ ನಿಲ್ಲಲೇ ಇಲ್ಲ. ಫೆಬ್ರವರಿ 15ರಂದು ಯುದ್ಧ ಬೇಡ ಎಂದು ಮೆರವಣಿಗೆಯಲ್ಲಿ ನಡೆದಿದ್ದ ನಾನು ರಸ್ತೆ ಪಕ್ಕ ನಿಂತು ನೋಡಿದೆ. ಆ ಖುಷಿ ನಿಜವಾದ ಖುಷಿ. ಅದನ್ನು ಯಾರೂ ಇಲ್ಲ ಅನ್ನಬಾರದು.

ನಾನು ರೊಟ್ಟಿ ತರುತ್ತಿದ್ದ ಅಂಗಡಿಯವರೂ ಅವತ್ತು ಎಲ್ಲರಿಗೂ ಮಿಠಾಯಿ ಹಂಚಿದರು. ಅಂಗಡಿಯಲ್ಲಿ ಅರಬ್ಬಿ ಸುದ್ದಿ ಚಾನೆಲ್ ಸದಾ ಓಡುತ್ತಿತ್ತು. 2006ರ ಫೆಬ್ರವರಿ 22ರಂದು ಇರಾಕಿನ ಸಾಮರ್ರಾದಲ್ಲಿ ಶಿಯಾಗಳ ಪವಿತ್ರ ಮಸೀದಿಯ ಚಿನ್ನದ ಗುಮ್ಮಟವನ್ನು ಬಾಂಬ್ ಇಟ್ಟು ಉರುಳಿಸಿದರು. ಆಮೇಲೆ ಶಿಯಾ, ಸುನ್ನಿ ಎಂದು ಬೀದಿಬೀದಿಯಲ್ಲಿ ಹೆಣ. ಆ ವಸಂತದಲ್ಲಿ ಒಂದು ದಿನ ಹೋದಾಗ ಟಿವಿ ಆರಿತ್ತು. ಮುಂದಿನ ವಾರವೂ ಆರಿತ್ತು. ಆಮೇಲೆ ಟಿವಿಯನ್ನೇ ಗೋಡೆಯಿಂದ ಇಳಿಸಿದರು. ನಾನು ಏನೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕಾಫಿತೋಟ, ಕೊಡಗು

ನಾನು ಸೇನೆಯಲ್ಲಿ 24 ವರ್ಷ ಇದ್ದು ಸುಬೇದಾರ್ ಆಗಿ ನಿವೃತ್ತಿ ಆದವನು. 2003ರಲ್ಲಿ ಅಮೆರಿಕ ನಮ್ಮ ಒಂದು ಡಿವಿಷನ್ ಕೇಳಿತ್ತು, ಸುಮಾರು 17,000 ಜನ. ಆ ಬೇಸಿಗೆಯಲ್ಲಿ ಮೆಸ್‌ನಲ್ಲಿ ಬೇರೆ ಮಾತೇ ಇರಲಿಲ್ಲ. ಮನೆಯವಳು ಫೋನ್ ಮಾಡಿದಾಗಲೆಲ್ಲಾ ಕೇಳುತ್ತಿದ್ದದ್ದು ಒಂದೇ, "ಪಟ್ಟಿ ಬಂತಾ?" ಏಪ್ರಿಲ್‌ನಲ್ಲೇ ಲೋಕಸಭೆ ಈ ದಾಳಿಯನ್ನು ಖಂಡಿಸಿ ಗೊತ್ತುವಳಿ ಮಾಡಿತ್ತು. ಜುಲೈ 14ರಂದು ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಎಂದಿತು. ಆದೇಶ ಬಂದಿದ್ದರೆ ಹೋಗುತ್ತಿದ್ದೆವು, ಅದು ಬೇರೆ. ಬರಲಿಲ್ಲ, ಒಳ್ಳೆಯದಾಯಿತು.

ಸಂಪಿಗೆ ಅವರೇ, ಆ ಅಂಗಡಿಯ ಟಿವಿ ಆರಿದ್ದರ ಬೇರು ನನ್ನ ಪ್ರಕಾರ 2003ರ ಮೇ 23ರಲ್ಲಿದೆ. ಬಾಗ್ದಾದಿನಲ್ಲಿ ಆಡಳಿತಕ್ಕೆ ಕೂತಿದ್ದ ಪಾಲ್ ಬ್ರೆಮರ್ ಅವತ್ತು ಎರಡನೇ ಆದೇಶ ಹೊರಡಿಸಿದರು. ಇರಾಕಿನ ಸೈನ್ಯವೇ ರದ್ದು. ಒಂದು ವಾರ ಮುಂಚೆ ಮೊದಲನೇ ಆದೇಶದಲ್ಲಿ ಸದ್ದಾಂನ ಬಾತ್ ಪಕ್ಷದ ಮೇಲಿನ ಹಂತದವರನ್ನೆಲ್ಲಾ ಸರ್ಕಾರಿ ಕೆಲಸದಿಂದ ಕಿತ್ತಿದ್ದರು. ಲಕ್ಷಗಟ್ಟಲೆ ಸೈನಿಕರು ಒಂದು ಸಹಿಗೆ ಬೀದಿಗೆ ಬಿದ್ದರು. ಬಂದೂಕು ಹಿಡಿಯೋದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲ, ಬಂದೂಕು ಮನೆಯಲ್ಲಿದೆ, ಸಂಬಳ ಇಲ್ಲ, ಪೆನ್ಷನ್ ಇಲ್ಲ. ಜನ ಬೀದಿಗಿಳಿದು ಕೂಗಿದ ಮೇಲೆ, ಒಂದು ತಿಂಗಳು ಬಿಟ್ಟು, ಸ್ವಲ್ಪ ಹಣ ಕೊಡುತ್ತೇವೆ ಎಂದರು. ಒಬ್ಬ ಸೈನಿಕನಿಗೆ ದುಡ್ಡಿಗಿಂತ ಮೊದಲು ಹೋಗುವುದು ಮರ್ಯಾದೆ. ನಾನು ಯೂನಿಫಾರ್ಮ್ ಕಳಚಿದ ದಿನ ನನಗೆ ಬೀಳ್ಕೊಡುಗೆ ಊಟ ಹಾಕಿ, ಹಾರ ಹಾಕಿ, ಸ್ಟೇಷನ್‌ವರೆಗೆ ಬಂದು ಕಳಿಸಿಕೊಟ್ಟರು. ಅವರಿಗೆ ಸುದ್ದಿ ರೇಡಿಯೋದಲ್ಲಿ ಸಿಕ್ಕಿತು.

ಇದಕ್ಕೂ ಮೊದಲು, ಫೆಬ್ರವರಿಯಲ್ಲಿ, ಅಮೆರಿಕದ ಸೇನಾ ಮುಖ್ಯಸ್ಥ ಜನರಲ್ ಶಿನ್ಸೆಕಿ ತಮ್ಮ ಸೆನೆಟ್ ಮುಂದೆ ಹೇಳಿದ್ದರು, ಗೆದ್ದ ಮೇಲೆ ದೇಶ ಹಿಡಿದಿಡಲು ಹಲವು ಲಕ್ಷ ಸೈನಿಕರು ಬೇಕು ಎಂದು. ರಕ್ಷಣಾ ಇಲಾಖೆಯ ಸಿವಿಲ್ ದೊಡ್ಡವರು ಅದನ್ನು ತಳ್ಳಿಹಾಕಿದರು. ಹೊಳೆದಂಡೆಯವರು ಹೇಳುವ ಕಿತ್ತ ಚೀಟಿ ಇಲ್ಲೂ ಇದೆ.

ಹೊಳೆದಂಡೆ, ಶಿವಮೊಗ್ಗ

ಚೀಟಿ ಪೀಣ್ಯದವರದ್ದು ಸುಬೇದಾರ್ ಸಾಹೇಬರೇ. ನಾನು ಅದನ್ನು ಸಂತೋಷವಾಗಿ ಎರವಲು ತೆಗೆದುಕೊಳ್ಳುತ್ತೇನೆ.

ಹುಬ್ಬಳ್ಳಿಮಂದಿ

ಸೈನ್ಯ ರದ್ದು ಮಾಡಿದ್ದು ತಪ್ಪು. ಒಪ್ಪಿದೆ, ವಾದ ಇಲ್ಲ. ಆದರೆ ಬುಶ್ ಅದನ್ನು ತಿದ್ದಲು ನೋಡಿದರು ಅನ್ನೋದನ್ನೂ ಬರೀರಿ. 2007ರಲ್ಲಿ ತಮ್ಮ ಪಕ್ಷದವರೇ ಹಿಂದೆ ಸರಿದಾಗ 20,000ಕ್ಕೂ ಜಾಸ್ತಿ ಸೈನಿಕರನ್ನು ಕಳಿಸಿದರು. ಜನರಲ್ ಪೆಟ್ರೇಯಸ್ ಬಂದರು. ಅನ್ಬಾರ್ ಕಡೆಯ ಸುನ್ನಿ ಬುಡಕಟ್ಟಿನವರು ಅಲ್ ಖೈದಾ ವಿರುದ್ಧ ತಿರುಗಿ ಬಿದ್ದರು. 2008ರ ಹೊತ್ತಿಗೆ ಸಾವು ಬಹಳ ಇಳಿಯಿತು. ಆಮೇಲೆ ಬಂದವರು ಸೈನ್ಯ ವಾಪಸ್ ಕರೆಸಿಕೊಂಡರು, 2014ಕ್ಕೆ ಮೊಸುಲ್ ಐಸಿಸ್ ಪಾಲಾಯಿತು.

ಕಾಫಿತೋಟ, ಕೊಡಗು

2011ರ ಕೊನೆಗೆ ಎಲ್ಲಾ ಸೈನ್ಯ ಹೊರಡಬೇಕು ಎಂಬ ಒಪ್ಪಂದ ಆದದ್ದು 2008ರಲ್ಲಿ, ಬುಶ್ ಸರ್ಕಾರದ ಜೊತೆ. ಒಬಾಮಾ ಆ ತಾರೀಖು ಪಾಲಿಸಿದರು. ಇನ್ನು ಐಸಿಸ್. ಅದರ ಮೇಲಿನ ದಳಪತಿಗಳಲ್ಲಿ ಹಲವರು ಸದ್ದಾಂ ಸೈನ್ಯದ ಹಳೇ ಅಧಿಕಾರಿಗಳು. ಅದರ ನಾಯಕ ಬಾಗ್ದಾದಿ 2004ರಲ್ಲಿ ಅಮೆರಿಕದ ಬುಕ್ಕಾ ಸೆರೆಶಿಬಿರದಲ್ಲಿ ಇದ್ದವನು. ಮೇ 23 ಎಂದು ನಾನು ಹೇಳಿದ್ದು ಸುಮ್ಮನೆ ಅಲ್ಲ. 2014ರಲ್ಲಿ ಮೊಸುಲ್‌ನಲ್ಲಿ ಸಿಕ್ಕಿಬಿದ್ದ ನಮ್ಮ 39 ಕೂಲಿಕಾರರನ್ನೂ ಮರೆಯಬೇಡಿ. ಅವರು ಸತ್ತಿದ್ದಾರೆ ಎಂದು ಮನೆಯವರಿಗೆ ಖಚಿತ ಆದದ್ದು 2018ರ ಮಾರ್ಚ್‌ನಲ್ಲಿ.

ಹುಬ್ಬಳ್ಳಿಮಂದಿ

ಒಪ್ಪಂದದ ತಾರೀಖು ನನಗೆ ತಿಳಿದಿರಲಿಲ್ಲ. ಅದನ್ನು ವಾಪಸ್ ತಗೊಂಡೆ. ಆದರೂ ಏಡ್ಸ್ ವಿಷಯ ಎಲ್ಲರೂ ಬಿಟ್ಟೇಬಿಟ್ಟಿರಿ. ಅದರಿಂದ 2.5 ಕೋಟಿ ಜೀವ ಉಳಿಯಿತು ಎಂದು ಅಮೆರಿಕ ಸರ್ಕಾರದ ಲೆಕ್ಕ. ಇರಾಕಿನಲ್ಲಿ ಸತ್ತವರು ಲಕ್ಷಗಳಲ್ಲಿ, ಉಳಿದವರು ಕೋಟಿಗಳಲ್ಲಿ. ತೂಗಿ ನೋಡಿದರೆ ತಕ್ಕಡಿ ಯಾವ ಕಡೆ ಬಾಗುತ್ತೆ?

ಔಷಧಾಲಯ, ಮೈಸೂರು

ನಾನು ತಡವಾಗಿ ನೋಡಿದೆ. ಇದಕ್ಕೆ ಉತ್ತರ ಬರೆಯಲೇಬೇಕು. 2001ರಿಂದ 2009ರವರೆಗೆ ಜಾಂಬಿಯಾದ ಲುಸಾಕಾದಲ್ಲಿ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಇದ್ದೆ.

ನಾನು ಹೋದಾಗ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು, ಕೆಳಗೆ ಚಾಪೆಯಲ್ಲಿ ಇನ್ನೊಬ್ಬರು. ಏಡ್ಸ್ ಗುಳಿಗೆ ಇದೆ ಅಂತ ಗೊತ್ತು, ನಮ್ಮ ಕಪಾಟಿನಲ್ಲಿ ಇರಲಿಲ್ಲ. ಒಬ್ಬರಿಗೆ ವರ್ಷಕ್ಕೆ 12,000 ಡಾಲರ್ ಇದ್ದ ಖರ್ಚು 300ಕ್ಕಿಂತ ಕೆಳಗೆ ಬಂದಿದೆ ಎಂದು ಬುಶ್ ಆ ಭಾಷಣದಲ್ಲೇ ಹೇಳಿದ್ದಾರೆ. ಬೆಲೆ ಇಳಿದದ್ದು ಮುಖ್ಯವಾಗಿ ನಮ್ಮವರಿಂದ. 2001ರಲ್ಲಿ ಸಿಪ್ಲಾ ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇವೆ ಎಂದು ಮುಂದೆ ಬಂದ ಮೇಲೆ ಎಲ್ಲಾ ಕಂಪನಿಗಳೂ ಬೆಲೆ ಇಳಿಸಬೇಕಾಯಿತು. ಬುಶ್ ಯೋಜನೆ ಮೊದಲು ಬ್ರಾಂಡ್ ಔಷಧಿಯನ್ನೇ ಕೊಂಡಿತು. ಆಮೇಲೆ ಭಾರತದ ಜೆನೆರಿಕ್‌ಗಳಿಗೆ ದಾರಿ ತೆರೆಯಿತು. ಎತ್ತಿಕೊಂಡು ಬಂದ ಹೆಂಗಸು ಮೂರು ತಿಂಗಳು ಬಿಟ್ಟು ಗುಳಿಗೆ ಒಯ್ಯಲು ತಾನೇ ನಡೆದು ಬಂದದ್ದನ್ನು ನಾನು ಕಂಡಿದ್ದೇನೆ. ಒಬ್ಬಳಲ್ಲ, ಎಷ್ಟೋ ಜನ. ಈ ಕೆಲಸಕ್ಕೆ ಬುಶ್ ಅವರಿಗೆ ನಾನು ಸಾಯುವವರೆಗೂ ಕೈಮುಗಿಯುತ್ತೇನೆ.

ಆದರೆ ತಕ್ಕಡಿ ಬೇಡ ಹುಬ್ಬಳ್ಳಿಯವರೇ. ಲುಸಾಕಾದಲ್ಲಿ ಬದುಕಿದವಳು ಬಾಗ್ದಾದಿನಲ್ಲಿ ಸತ್ತವನ ಬದಲಿಗೆ ಬದುಕಲಿಲ್ಲ. ಗುಳಿಗೆ ಕೊಡಲು ಬಾಂಬ್ ಹಾಕಬೇಕು ಎಂದೇನೂ ಇರಲಿಲ್ಲ. ಎರಡನ್ನೂ ಒಬ್ಬನೇ ಮಾಡಿದ, ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆಯೋಣ. ನನ್ನ ರಿಜಿಸ್ಟರಿನಲ್ಲಿ ಪ್ರತಿ ರೋಗಿಗೂ ಒಂದು ಸಾಲು ಇತ್ತು. ಇರಾಕಿನಲ್ಲಿ ಸತ್ತವರ ರಿಜಿಸ್ಟರನ್ನು ಹೋದ ಸೈನ್ಯ ಇಡಲೇ ಇಲ್ಲ. ತಮ್ಮ ಸುಮಾರು 4,500 ಸೈನಿಕರ ಹೆಸರು ಅವರ ಹತ್ತಿರ ಇದೆ. ಅಲ್ಲಿನವರಿಗೆ ಒಬ್ಬರು ಲಕ್ಷ ಎನ್ನುತ್ತಾರೆ, ಇನ್ನೊಬ್ಬರು ಆರು ಲಕ್ಷ ಎನ್ನುತ್ತಾರೆ.

ಹುಬ್ಬಳ್ಳಿಮಂದಿ

ಡಾಕ್ಟರ್ ಸಾಹೇಬ್ರ, ನಿಮ್ಮ ಮಾತಿಗೆ ತಿರುಗಿ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಬೇರೆ ಬೇರೆ ಪುಟ, ಆಗಲಿ. ಅವರ ಒಳ್ಳೆಯ ಪುಟವನ್ನು ಹರಿಯಬೇಡಿ, ನನಗೆ ಅಷ್ಟು ಸಾಕು.

ಔಷಧಾಲಯ, ಮೈಸೂರು

ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಆ ಪುಟವನ್ನು ಯಾರಾದರೂ ಹರಿಯಲು ಬಂದರೆ ಮೊದಲು ಅಡ್ಡ ನಿಲ್ಲುವವನು ನಾನೇ.

ಸಂಪಿಗೆ, ಮಿಶಿಗನ್

ಒಂದು ಮಾತು ಸೇರಿಸಲಾ? 2022ರ ಮೇನಲ್ಲಿ ಡಲ್ಲಾಸ್‌ನಲ್ಲಿ ಬುಶ್ ಉಕ್ರೇನ್ ಬಗ್ಗೆ ಮಾತಾಡುತ್ತಾ, ಒಬ್ಬನೇ ಮನುಷ್ಯನ ತೀರ್ಮಾನದಿಂದ ನಡೆದ, ಯಾವ ನ್ಯಾಯವೂ ಇಲ್ಲದ ಕ್ರೂರ ದಾಳಿ ಎನ್ನುವಾಗ "ಇರಾಕ್" ಎಂದುಬಿಟ್ಟರು. ತಕ್ಷಣ "ಉಕ್ರೇನ್" ಎಂದು ತಿದ್ದಿಕೊಂಡರು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಆ ಹೆಸರು ಅವರ ನಾಲಿಗೆಯ ಕೆಳಗೇ ಇತ್ತು ಅನಿಸಿತು.

ಹೊಳೆದಂಡೆ, ಶಿವಮೊಗ್ಗ

ಮಗಳಿಗೂ ಭಾವನಿಗೂ ಈ ಇಡೀ ಚರ್ಚೆ ಓದಿ ಹೇಳಿದೆ. ಭಾವ ಟ್ಯೂಬಿನ ಅಳತೆಯನ್ನು ಎರಡು ಸಲ ಕೇಳಿದರು. ಮಗಳು ಲುಸಾಕಾದ ಬಗ್ಗೆ ಇನ್ನೂ ಕೇಳಬೇಕಂತೆ, ಔಷಧಾಲಯದವರೇ, ನಿಮಗೆ ತೊಂದರೆ ಇಲ್ಲದಿದ್ದರೆ ಬೇರೆಯಾಗಿ ಬರೆಯುತ್ತಾಳೆ.

ಕಡಲತಡಿ, ಉಡುಪಿ

ಅಪ್ಪನಿಗೆ ಈಗ 78. ಕಣ್ಣು ಮಂಜು. ನಾನೂ ನಿನ್ನೆ ಸಂಜೆ ಜಗಲಿಯಲ್ಲಿ ಕೂತು ಇದನ್ನೆಲ್ಲಾ ಓದಿ ಹೇಳಿದೆ. ಸದ್ದಾಂ ಬಗ್ಗೆ ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ಬಸ್ಸಿನ ಡ್ರೈವರ್ ನೆನಪಾಯಿತು ಎಂದರು.

ಬಸ್ರಾದ ಹುಡುಗನಂತೆ, ಮೂವತ್ತು ದಾಟಿರಲಿಲ್ಲ. ಗಡಿಯವರೆಗೆ ಬಿಟ್ಟವನು ಅವನೇ. ದಾರಿಯಲ್ಲಿ ತನ್ನ ಪಾಲಿನ ಕುಬ್ಬೂಸ್ ರೊಟ್ಟಿಯನ್ನು ಹರಿದು ಹಿಂದಿನ ಸೀಟಿನ ಮಕ್ಕಳಿಗೆ ಕೊಟ್ಟನಂತೆ. ಸ್ಟಿಯರಿಂಗ್ ಪಕ್ಕದಲ್ಲಿ ಎರಡು ಗಂಡುಮಕ್ಕಳ ಫೋಟೋ ಸಿಕ್ಕಿಸಿಕೊಂಡಿದ್ದನಂತೆ, ಒಂದು ತೊಟ್ಟಿಲ ಮಗು, ಇನ್ನೊಂದು ಐದಾರು ವರ್ಷದ್ದು.

"2003ಕ್ಕೆ ದೊಡ್ಡವನಿಗೆ ಎಷ್ಟಾಗಿರಬೇಕು?" ಎಂದು ಕೇಳಿದರು. ಹತ್ತೊಂಬತ್ತಾಗಿರಬಹುದು ಎಂದೆ. ಬೆರಳು ಮಡಚಿ ತಾವೂ ಒಮ್ಮೆ ಎಣಿಸಿಕೊಂಡರು. ಆಮೇಲೆ ಒಳಗೆ ಹೋಗಿ ದೀಪ ಹಾಕು ಎಂದರು.